ಎಳೆಯರ ಸಂಗೀತ ತಾಲೀಮು: ಇಚಲಕರಂಜಿಯ ವಾಡೆಯಿಂದ ನಿಡ್ಲೆಯ ಬೇಸಿಗೆ ಶಿಬಿರದವರೆಗೆ

ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲ್ಲೂಕಿನ ಸುಳಕೂಡ ದೂಧಗಂಗಾ ದಂಡೆಯ ಒಂದು ಹಳ್ಳಿ. ಈ ಲೇಖನದ ಸೀಮೆಯನ್ನು ಅಲ್ಲಿ ನಿಂತು ನೋಡಬಹುದು. ಈಶಾನ್ಯಕ್ಕೆ ಹೊರಟರೆ ಇಚಲಕರಂಜಿ, ಇನ್ನೂ ಮುಂದೆ ಕುರುಂದವಾಡ, ಮಿರಜ, ವಾಯವ್ಯಕ್ಕೆ ಕೊಲ್ಹಾಪುರ, ದಕ್ಷಿಣಕ್ಕೆ ನಿಪ್ಪಾಣಿ, ಗಡಹಿಂಗ್ಲಜ, ಅಲ್ಲಿಂದಾಚೆ ಬೆಳಗಾವಿ. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಎನ್ನುವವರೂ, ಇದರ ತಿರುವುಮುರುವಾಗಿ ಬದುಕುವವರೂ ಇರುವ ಸೀಮೆ ಇದು. ಹಿಂದುಸ್ತಾನಿ ಖ್ಯಾಲ್ ಗಾಯನ ದಕ್ಷಿಣಕ್ಕೆ ಇಳಿದು ಬಂದ ಮುಖ್ಯ ದಾರಿಯೂ ಇದೇ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸುಮಾರು ಎಪ್ಪತ್ತು ವರ್ಷ ಹಾಡುವ ಹುಡುಗರು, ಕೆಲವೊಮ್ಮೆ ಹುಡುಗಿಯರು, ಗುರುವನ್ನು ಹುಡುಕಿಕೊಂಡು ಇಲ್ಲಿಗೆ ಬಂದರು. ಇಲ್ಲಿ ಕಲಿತವರು ಲಾಹೋರಿನವರೆಗೂ ಹೋಗಿ ಶಾಲೆ ತೆರೆದರು. ಧಾರವಾಡ, ಹುಬ್ಬಳ್ಳಿ, ಗದಗುಗಳ ಸಂಗೀತದ ಹೆಸರು ಬೆಳೆದಿರುವುದರ ಹಿಂದೆ ಮಿರಜ ಮತ್ತು ಕೊಲ್ಹಾಪುರಗಳ ಋಣ ದೊಡ್ಡದು.

ಎಳೆಯ ಗಾಯಕರನ್ನು ತಯಾರು ಮಾಡುವ ವ್ಯವಸ್ಥೆಗಳನ್ನು ಸಾಮಾನ್ಯವಾಗಿ ಗುರುಕುಲ, ಶಾಲೆ, ಶಿಬಿರ ಎಂದು ವಿಂಗಡಿಸುತ್ತಾರೆ. ಈ ಸೀಮೆಯ ಇತಿಹಾಸ ನೋಡಿದರೆ ಆ ವಿಂಗಡಣೆಗಿಂತ ಬೇರೊಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಕಲಿಯುವಷ್ಟು ವರ್ಷ ಹುಡುಗನ ಊಟದ ಖರ್ಚು ಯಾರದು? ಖ್ಯಾಲ್ ಕಲಿಯಲು ಎಂಟು ಹತ್ತು ವರ್ಷ ಬೇಕು. ಆ ವರ್ಷಗಳಲ್ಲಿ ಅವನು ಬೇರೆ ಏನನ್ನೂ ದುಡಿಯುವುದಿಲ್ಲ. ಸಂಸ್ಥಾನಿಕ, ನಾಟಕ ಕಂಪನಿ, ಮಠ, ಊರ ಶ್ರೀಮಂತ, ವಿದ್ಯಾರ್ಥಿಯ ತಂದೆ, ಕೊನೆಗೆ ಸರ್ಕಾರ – ಖರ್ಚು ಹೊರುವವರು ಬದಲಾದಂತೆ ಕಲಿಕೆಯ ರೀತಿಯೂ ಬದಲಾಗಿದೆ.

ಬಾಲಕೃಷ್ಣಬುವಾ ಮತ್ತು ಸಂಸ್ಥಾನದ ಅನ್ನ

ಕಥೆ ಶುರುವಾಗುವುದು ಬಾಲಕೃಷ್ಣಬುವಾ ಇಚಲಕರಂಜೀಕರರಿಂದ (1849–1926). ಈ ಭಾಗದ ಹಳ್ಳಿಯ ಹುಡುಗ. ಹಾಡಿನ ಹುಚ್ಚು ಹತ್ತಿ ಮನೆ ಬಿಟ್ಟ. ಧಾರ್ ಸಂಸ್ಥಾನದಲ್ಲಿ ದೇವಜೀಬುವಾ ಪರಾಂಜಪೆಯವರ ಬಳಿ, ಆಮೇಲೆ ಗ್ವಾಲಿಯರಿನಲ್ಲಿ ವಾಸುದೇವಬುವಾ ಜೋಶಿಯವರ ಬಳಿ ಗುರುಸೇವೆ ಮಾಡಿಕೊಂಡು ಕಲಿತ. ಜೋಶಿಯವರು ಗ್ವಾಲಿಯರಿನ ಹಸ್ಸೂ ಖಾನ್ ಪರಂಪರೆಯವರು. ಹೀಗೆ ಗ್ವಾಲಿಯರ್ ಘರಾಣೆಯ (ಸಂಗೀತ ಪರಂಪರೆಯ) ಗಾಯಕಿಯನ್ನು, ಅಂದರೆ ಹಾಡುವ ಶೈಲಿಯನ್ನು, ಮಹಾರಾಷ್ಟ್ರಕ್ಕೆ ತಂದವರು ಎಂಬ ಹೆಸರು ಬಾಲಕೃಷ್ಣಬುವಾ ಅವರಿಗೆ ನಿಂತಿತು. ಕೆಲಕಾಲ ಮುಂಬೈಯಲ್ಲಿದ್ದು ‘ಸಂಗೀತ ದರ್ಪಣ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಆದರೆ ಅವರು ಶಿಷ್ಯರನ್ನು ಬೆಳೆಸಿದ್ದು ಮಿರಜಿನಲ್ಲಿ ಮತ್ತು ಆಮೇಲೆ ಇಚಲಕರಂಜಿಯಲ್ಲಿ, ಸಂಸ್ಥಾನದ ಆಶ್ರಯದಲ್ಲಿ.

ಇಚಲಕರಂಜಿಯ ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು ಸಂಗೀತಕ್ಕೂ ಓದಿಗೂ ಕೈ ಬಿಚ್ಚಿ ಕೊಡುತ್ತಿದ್ದವರು. ಅವರ ಕಾಲದಲ್ಲೇ, 1904ರಲ್ಲಿ, ಆ ಊರಿಗೆ ಮೊದಲ ಪವರ್‌ಲೂಮ್ ಬಂತು. ಇಚಲಕರಂಜಿ ಎಂದರೆ ಇಂದು ಮಗ್ಗದ ಸದ್ದೇ ನೆನಪಾಗುತ್ತದೆ. ಅದೇ ಊರಲ್ಲಿ ಆಸ್ಥಾನ ಗಾಯಕರೊಬ್ಬರ ಮನೆಯಲ್ಲಿ ಹುಡುಗರು ನಸುಕಿನಲ್ಲಿ ಎದ್ದು ಖರಜ (ಮಂದ್ರ ಷಡ್ಜ) ಹಚ್ಚುತ್ತಿದ್ದರು ಎಂಬುದು ಈಗಿನ ಊರಿನವರಿಗೂ ಬಹುಮಟ್ಟಿಗೆ ಮರೆತುಹೋದ ಸಂಗತಿ.

ಬುವಾ ಅವರ ಶಿಷ್ಯರಲ್ಲಿ ಲೋಕಕ್ಕೆ ಹೆಚ್ಚು ಗೊತ್ತಿರುವವರು ವಿಷ್ಣು ದಿಗಂಬರ ಪಲುಸ್ಕರ. 1872ರ ಆಗಸ್ಟ್ 18ರಂದು ಕುರುಂದವಾಡದಲ್ಲಿ ಹುಟ್ಟಿದರು, ತಂದೆ ಕೀರ್ತನಕಾರರು. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾಯಿತು. ಓದಿನ ದಾರಿ ಮುಚ್ಚಿದ ಮೇಲೆ ಮಿರಜಿನ ಸಂಸ್ಥಾನಿಕರ ಆಸರೆಯಲ್ಲಿ ಬಾಲಕೃಷ್ಣಬುವಾ ಬಳಿ ಸೇರಿದರು. 1896ರಲ್ಲಿ ಮಿರಜು ಬಿಟ್ಟರು. ಬಿಡಲು ಕಾರಣವಾಗಿ ಹೇಳುವ ಕಥೆಯೊಂದಿದೆ: ಸಂಸ್ಥಾನದ ಆಶ್ರಿತನೆಂದು ತಮಗೆ ಸಮಾರಂಭವೊಂದರ ಆಮಂತ್ರಣ ಬಂತು, ಹಾಡುವವನೆಂಬ ಕಾರಣಕ್ಕೆ ಗುರುವಿಗೆ ಬರಲಿಲ್ಲ. ಕಥೆಯ ವಿವರ ಹೇಗೇ ಇರಲಿ, ಆಸ್ಥಾನದ ಅನ್ನ ತಿಂದು ಕಲಿತ ಪಲುಸ್ಕರರು ಮುಂದಿನ ಬದುಕೆಲ್ಲ ಆಸ್ಥಾನದ ಹೊರಗೆ ಸಂಗೀತಕ್ಕೆ ಮರ್ಯಾದೆ ಹುಡುಕಿದರು ಎಂಬುದಂತೂ ನಿಜ. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ರಾಜನ ದಾನ ಬೇಡ. ಟಿಕೆಟ್ ಕಚೇರಿ, ಚಂದಾ, ವಿದ್ಯಾರ್ಥಿಯ ಫೀ ಸಾಕು ಎಂಬ ಲೆಕ್ಕಾಚಾರ. ಮುಂದೆ ಮೇಷ್ಟ್ರುಗಳಾಗುವವರಿಗೆ ಉಪದೇಶಕ ವರ್ಗ ನಡೆಸಿದರು. ಆ ಹುಡುಗರು ಶಾಲೆಯಲ್ಲೇ ಉಂಡು ಮಲಗಿ ಕಲಿತರು. ಹೊರಗಿನಿಂದ ಶಾಲೆ, ಒಳಗಿನಿಂದ ಅದೇ ಹಳೆಯ ಗುರುಗೃಹ.

ಆದರೆ ಲೆಕ್ಕ ಕೂಡಿಬರಲಿಲ್ಲ. 1908ರಲ್ಲಿ ಮುಂಬೈಗೆ ಬಂದ ವಿದ್ಯಾಲಯ ಸಾಲ ಮಾಡಿ ಸ್ವಂತ ಕಟ್ಟಡ ಕಟ್ಟಿತು, ಸಾಲ ತೀರಿಸಲಾಗದೆ ಅದನ್ನು ಕಳೆದುಕೊಂಡಿತು. ಪಲುಸ್ಕರರು 1931ರ ಆಗಸ್ಟ್ 21ರಂದು ತೀರಿಕೊಂಡದ್ದು ತಾವು ಕಲಿತ ಮಿರಜಿನಲ್ಲೇ. ಅದೇ ವರ್ಷ ಅವರ ಶಿಷ್ಯರು ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಕಟ್ಟಿದರು. ಪ್ರವೇಶಿಕಾದಿಂದ ವಿಶಾರದ, ಅಲಂಕಾರದವರೆಗಿನ ಅದರ ಪರೀಕ್ಷೆಗಳನ್ನು ಇಂದು ಬೆಳಗಾವಿ, ಹುಬ್ಬಳ್ಳಿಯ ಮಕ್ಕಳೂ ಬರೆಯುತ್ತಾರೆ. ಸ್ವರಲಿಪಿ, ಪಠ್ಯಪುಸ್ತಕ, ತರಗತಿ, ಪ್ರಮಾಣಪತ್ರ: ಮಧ್ಯಮ ವರ್ಗದ ಮನೆಯ ಹುಡುಗಿ ತಂಬೂರಿ ಮುಂದೆ ಕೂರಲು ಸಾಧ್ಯವಾದದ್ದು ಇವುಗಳಿಂದ. ದೊಡ್ಡ ಗಾಯಕರು ಈ ಪರೀಕ್ಷೆಗಳಿಂದ ಹುಟ್ಟಿದರೆಂದು ಯಾರೂ ವಾದಿಸುವುದಿಲ್ಲ. ದೊಡ್ಡ ಕೇಳುಗ ವರ್ಗ ಮಾತ್ರ ಹುಟ್ಟಿತು. ಅದೇನು ಸಣ್ಣ ಕೆಲಸವಲ್ಲ.

ಕೊಲ್ಹಾಪುರದ ದರಬಾರು, ಮಿರಜಿನ ಮನೆ

ಕಾಗಲದ ಘಾಟಗೆ ಮನೆತನದಲ್ಲಿ 1874ರಲ್ಲಿ ಹುಟ್ಟಿ ಕೊಲ್ಹಾಪುರದ ಗಾದಿಗೆ ದತ್ತಕ ಹೋದವರು ಶಾಹೂ ಮಹಾರಾಜರು. ಅವರು ಕುಸ್ತಿಗೂ ಹಾಡಿಗೂ ಒಂದೇ ಉತ್ಸಾಹದಲ್ಲಿ ಖರ್ಚು ಮಾಡಿದರು. ಕೊಲ್ಹಾಪುರದಲ್ಲಿ ಖಾಸಬಾಗ್ ಕುಸ್ತಿ ಮೈದಾನ ಮತ್ತು ಪ್ಯಾಲೇಸ್ ಥಿಯೇಟರ್ ಬೆನ್ನಿಗೆ ಬೆನ್ನು ತಾಗಿಸಿ ನಿಂತಿರುವುದು ಆ ಕಾಲದ ಗುರುತು. ಪೈಲವಾನನಿಗೆ ಹಾಲು ಬಾದಾಮಿ ಹೇಗೋ, ಗವಾಯಿಗೆ ತನಖಾ ಹಾಗೆ: ಎರಡನ್ನೂ ದರಬಾರು ನೋಡಿಕೊಂಡಿತು. ಆ ಥಿಯೇಟರಿಗೆ ಮುಂದೆ ಸಂಗೀತಸೂರ್ಯ ಕೇಶವರಾವ್ ಭೋಸಲೆಯವರ ಹೆಸರಿಟ್ಟರು. 2024ರ ಆಗಸ್ಟ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ಕೊಲ್ಹಾಪುರದ ಕಲಾವಿದರು ರಸ್ತೆಯಲ್ಲಿ ನಿಂತು ಅತ್ತರು. 1883ರಲ್ಲಿ ಶುರುವಾದ ಗಾಯನ ಸಮಾಜ ದೇವಲ್ ಕ್ಲಬ್ ಈಗಲೂ ಅದೇ ಊರಲ್ಲಿದೆ.

ಶಾಹೂ ಮಹಾರಾಜರ ಆಸ್ಥಾನಕ್ಕೆ 1895ರ ಹೊತ್ತಿಗೆ ಬಂದವರು ಉಸ್ತಾದ್ ಅಲ್ಲಾದಿಯಾ ಖಾನ್ (1855–1946). ರಾಜಸ್ಥಾನದ ಉನಿಯಾರಾ ಕಡೆಯವರು. ಜಯಪುರ–ಅತ್ರೌಲಿ ಎಂದು ಇಂದು ಕರೆಯುವ ಗಾಯಕಿ ರೂಪುಗೊಂಡದ್ದು ಅವರ ಕಂಠದಲ್ಲಿ, ಬಹುಪಾಲು ಕೊಲ್ಹಾಪುರದಲ್ಲೇ. ಗೋವೆಯಿಂದ ಬಂದ ಕೇಸರಬಾಯಿ ಕೇರಕರ (1892–1977) ಎಂಟರ ಹರೆಯದಲ್ಲಿ ಕೊಲ್ಹಾಪುರಕ್ಕೆ ಬಂದು ಮೊದಲು ಅಬ್ದುಲ್ ಕರೀಮ್ ಖಾನರ ಬಳಿ ಕೆಲವೇ ತಿಂಗಳು ಕಲಿತರು. ಅಲ್ಲಾದಿಯಾ ಖಾನರ ದೀರ್ಘ ತಾಲೀಮು ಸಿಕ್ಕಿದ್ದು 1921ರಿಂದ. ಅದರ ಖರ್ಚಿಗೆ ಧನಿಕರ ಬೆಂಬಲ ಬೇಕಾಯಿತು. 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ನಕ್ಷತ್ರಗಳ ಕಡೆ ಹೊರಟ ಭಾರತೀಯ ಗಾಯನ ಅವರದೇ. ಮೋಗುಬಾಯಿ ಕುರ್ಡೀಕರರ (1904–2001) ಕಂಠ ಖಾನ್‌ಸಾಹೇಬರ ಕಿವಿಗೆ ಬಿದ್ದದ್ದು ಸಾಂಗ್ಲಿಯಲ್ಲಿ, ಅವರಾಗಿಯೇ ಕಲಿಸುತ್ತೇನೆಂದರು. 1922ರಲ್ಲಿ ಶಾಹೂ ತೀರಿಕೊಂಡ ಮೇಲೆ ಅಲ್ಲಾದಿಯಾ ಖಾನರು ಮುಂಬೈ ಸೇರಿದರು. ಮಗ ಬುರ್ಜಿ ಖಾನ್ ಕೊಲ್ಹಾಪುರದಲ್ಲೇ ಉಳಿದರು, ಮತ್ತು ಅದರಿಂದ ಕನ್ನಡ ನಾಡಿಗೆ ದೊಡ್ಡ ಲಾಭವಾಯಿತು.

ಅತ್ತ ಮಿರಜಿನಲ್ಲಿ ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರು (1872–1937) ಮನೆ ಮಾಡಿದ್ದರು. ಮಗಳು ಹೀರಾಬಾಯಿ ಬಡೋದೇಕರ ಹುಟ್ಟಿದ್ದು 1905ರಲ್ಲಿ ಮಿರಜಿನಲ್ಲೇ. ಖಾನ್‌ಸಾಹೇಬರು ಪುಣೆಯಲ್ಲಿ 1913ರಲ್ಲಿ ಆರ್ಯ ಸಂಗೀತ ವಿದ್ಯಾಲಯ ಎಂಬ ಶಾಲೆ ನಡೆಸಿದರು. ಬಡ ಹುಡುಗರಿಗೆ ಊಟ, ವಸತಿ ಕೊಟ್ಟು ಕಲಿಸುವುದು, ಅವರನ್ನು ವೇದಿಕೆಗೆ ಹತ್ತಿಸಿ ಬಂದ ಹಣದಿಂದ ಶಾಲೆ ನಡೆಸುವುದು ಅದರ ಪದ್ಧತಿ. ಖಾನ್‌ಸಾಹೇಬರ ಸಮಾಧಿ ಮಿರಜಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಪ್ರತಿವರ್ಷ ಉರುಸಿನ ಹೊತ್ತಿಗೆ ಅಲ್ಲಿ ಗಾಯಕರು ಸೇರಿ ಸೇವೆ ಸಲ್ಲಿಸುತ್ತಾರೆ. ಟಿಕೆಟ್ಟಿಲ್ಲ, ಕುರ್ಚಿಯೂ ಇಲ್ಲ. ಹೊಸಬರು ದೊಡ್ಡವರ ಎದುರು ಹಾಡಿ ಕಿವಿ ಹಿಂಡಿಸಿಕೊಳ್ಳುವ ಜಾಗ.

ಮಿರಜಿನ ಇನ್ನೊಂದು ವಿದ್ಯೆಯನ್ನು ಬಿಟ್ಟರೆ ಈ ಲೇಖನ ಅಪೂರ್ಣ. ಊರಿನ ಸಿತಾರ್‌ಮೇಕರ್ ಮನೆತನಗಳು ತಲೆಮಾರುಗಳಿಂದ ತಂಬೂರಿ, ಸಿತಾರು ಮಾಡುತ್ತ ಬಂದಿವೆ. ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ಪಂಢರಪುರದ ಸುತ್ತಿನ ಹೊಲಗಳದು. 2024ರಲ್ಲಿ ಮಿರಜಿನ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತು ಸಿಕ್ಕಿತು. ಹೊಸದಾಗಿ ಮಾಡಿದ ತಂಬೂರಿ ಕೂಡಲೇ ಹಾಡುವುದಿಲ್ಲ. ತಂತಿಗಳನ್ನು ಹೊರುವ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ಇಳಿಜಾರು ಕೊಡಬೇಕು. ತಂತಿಯ ಅಡಿಗೆ ಹತ್ತಿಯ ಸಣ್ಣ ನೂಲು ಇಟ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಬಿಂದುವಿನಲ್ಲಿ ತಂತಿ ಬಾಯಿ ಬಿಟ್ಟು ಝೇಂಕರಿಸುತ್ತದೆ. ಇದೇ ಜವಾರಿ. ಕೂದಲಷ್ಟು ಆಚೀಚೆಯಾದರೆ ಸದ್ದು ಮತ್ತೆ ಮೊಂಡಾಗುತ್ತದೆ. ಹಳೆಯ ಗುರುಗಳ ಮನೆಯಲ್ಲಿ ಹುಡುಗನ ಮೊದಲ ಪಾಠ ತಂಬೂರಿ ಕೂಡಿಸುವುದು, ಅಂದರೆ ಪಂಚಮ, ಜೋಡಿಯ ಎರಡು ಷಡ್ಜ, ಖರಜ – ಈ ನಾಲ್ಕು ತಂತಿಗಳನ್ನು ಹೊಂದಿಸುತ್ತ ಕಿವಿ ಪಳಗಿಸುವುದು. ಈಗ ಫೋನಿನ ಆ್ಯಪ್ ಒತ್ತಿದರೆ ಯಾವ ಶ್ರುತಿಯ ತಂಬೂರಿಯೂ ಸಿದ್ಧ. ಅನುಕೂಲವೇನೋ ಹೌದು, ಕೂಡಿಸುತ್ತ ಕೂರುವ ಆ ಕಾಲು ಗಂಟೆಯಲ್ಲಿ ಆಗುತ್ತಿದ್ದ ಪಾಠ ಮಾತ್ರ ತಪ್ಪಿಹೋಯಿತು.

ಕಂಪನಿಯೂ ಮಠವೂ

ಕನ್ನಡದ ಹುಡುಗರು ಮಿರಜು, ಕೊಲ್ಹಾಪುರಗಳಿಗೆ ಮುಟ್ಟಿದ್ದು ಎರಡು ದಾರಿಗಳಿಂದ: ನಾಟಕ ಕಂಪನಿ ಮತ್ತು ಮಠ. ಮರಾಠಿ ಸಂಗೀತ ನಾಟಕದ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ತಮ್ಮ ಸ್ವಂತ ಊರಂತೆ ಓಡಾಡಿದವು. ಕೊಲ್ಹಾಪುರದ ಕೇಶವರಾವ್ ಭೋಸಲೆ ತಮ್ಮ ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಕಟ್ಟಿದ್ದೇ ಹುಬ್ಬಳ್ಳಿಯಲ್ಲಿ. ಕಂಪನಿಗೆ ಒಳ್ಳೆಯ ಕಂಠದ ಹುಡುಗರು ಬೇಕು, ಹುಡುಗನಿಗೆ ಊಟ ಬೇಕು. ಪಾಠ ರಂಗಗೀತೆಯದೇ ಆದರೂ ಅದರೊಳಗೆ ರಾಗ ಇತ್ತು. ರಾತ್ರಿ ಸಾವಿರ ಜನರ ಎದುರು ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸಬೇಕಾದ ಗಂಟಲಿನ ತಯಾರಿ ಇತ್ತು.

ಧಾರವಾಡದ ಬಳಿಯ ಮನ್ಸೂರಿನ ಮಲ್ಲಿಕಾರ್ಜುನ (1910–1992) ಹಾಗೆ ಕಂಪನಿ ಸೇರಿದ ಹುಡುಗ. ಅಣ್ಣ ಬಸವರಾಜ ಮೊದಲೇ ಅಲ್ಲಿದ್ದರು. ಹುಡುಗನ ಹಾಡು ಕೇಳಿ ಮೆಚ್ಚಿ ತಮ್ಮ ಜತೆ ಮಿರಜಿಗೆ ಕರೆದೊಯ್ದವರು ನೀಲಕಂಠಬುವಾ ಆಲೂರಮಠ: ಜಂಗಮರು, ಬಾಲಕೃಷ್ಣಬುವಾ ಶಿಷ್ಯರು, ಕನ್ನಡ ಬಲ್ಲ ಗುರು. ವರ್ಷಗಟ್ಟಲೆ ಗ್ವಾಲಿಯರ್ ಗಾಯಕಿಯ ಬುನಾದಿ ಬಿದ್ದ ಮೇಲೆ, ಆಗಲೇ ರೆಕಾರ್ಡು ಹಾಡಿ ಹೆಸರಾಗಿದ್ದ ಮನ್ಸೂರರು ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಶಿಷ್ಯರಾದರು. ಮತ್ತೆ ಮೊದಲಿನಿಂದ ಕಲಿಕೆ. ಆ ಭಾಗ್ಯ ಹೆಚ್ಚು ದಿನ ಉಳಿಯಲಿಲ್ಲ, 1937ರಲ್ಲಿ ಮಂಜಿ ಖಾನ್ ತೀರಿಕೊಂಡರು. ಆಗ ಮನ್ಸೂರರು ಮಂಜಿ ಖಾನರ ಕಿರಿಯ ಸಹೋದರ ಬುರ್ಜಿ ಖಾನರ ಬಳಿ ಕೊಲ್ಹಾಪುರಕ್ಕೆ ಹೋದರು. ಜಗತ್ತಿಗೆ ಮನ್ಸೂರ ಎಂದರೆ ಜೋಡುರಾಗ, ಅಚ್ಚೋಪ್ (ಅಪರೂಪದ) ರಾಗಗಳ ಖಜಾನೆ. ಅದರ ಬೀಗದ ಕೈ ಕೊಲ್ಹಾಪುರದ ಆ ಮನೆಯದು. ‘ನನ್ನ ರಸಯಾತ್ರೆ’ ಎಂಬ ಆತ್ಮಕಥೆಯಲ್ಲಿ ಅವರು ಈ ಗುರುಗಳ ಬಗ್ಗೆ ಬರೆದಿರುವ ಪುಟಗಳು ಕನ್ನಡದಲ್ಲಿ ಸಂಗೀತ ಶಿಕ್ಷಣದ ಬಗ್ಗೆ ಇರುವ ಒಳ್ಳೆಯ ದಾಖಲೆಗಳಲ್ಲೊಂದು.

ಇನ್ನೊಂದು ದಾರಿ ಮಠದ್ದು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಬಂದ ಪಂಚಾಕ್ಷರಿ ಗವಾಯಿಗಳನ್ನು (1892–1944) ಹಾನಗಲ್ಲ ಕುಮಾರ ಸ್ವಾಮಿಗಳು ಕೈಹಿಡಿದು ಕಲಿಸಿದರು. ಕರ್ನಾಟಕ ಸಂಗೀತಕ್ಕೆ ಮೈಸೂರು, ಹಿಂದುಸ್ತಾನಿಗೆ ಮಿರಜಿನ ನೀಲಕಂಠಬುವಾ. ಕಲಿತದ್ದನ್ನು ಅವರು ಹಂಚಿದ ರೀತಿ ವಿಶಿಷ್ಟ. ಕುರುಡ ಮಕ್ಕಳನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಕೂಡಿಸಿಕೊಂಡು ಊರೂರು ತಿರುಗಿದ ಪಾಠಶಾಲೆ ಅದು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಜೋಳಿಗೆ ಹಿಡಿದು ಜೋಳ ತಂದು, ಆಶ್ರಮದ್ದೇ ನಾಟಕ ಕಂಪನಿ ಕಟ್ಟಿ ದುಡಿದು ಮಕ್ಕಳಿಗೆ ರೊಟ್ಟಿ ಹಾಕಿದರು. ಪುಟ್ಟರಾಜ ಗವಾಯಿಗಳು (1914–2010) ಅದನ್ನು ಅರವತ್ತಕ್ಕೂ ಹೆಚ್ಚು ವರ್ಷ ನಡೆಸಿದರು. ಬಸವರಾಜ ರಾಜಗುರು ಅಲ್ಲಿಯವರು. ವೆಂಕಟೇಶ ಕುಮಾರರು ಹನ್ನೆರಡು ವರ್ಷ ಅಲ್ಲೇ ಇದ್ದು ಕಲಿತವರು. ಫೀ ಇಲ್ಲದೆ, ಜಾತಿ ಕೇಳದೆ ಇಷ್ಟು ಮಂದಿಯನ್ನು ಇಷ್ಟು ಕಾಲ ತಯಾರು ಮಾಡಿದ ಇನ್ನೊಂದು ಸಂಗೀತ ಶಾಲೆಯನ್ನು ಹೆಸರಿಸುವುದು ಕಷ್ಟ. ಗ್ವಾಲಿಯರಿನ ಗಾಯಕಿ ಇಚಲಕರಂಜೀಕರರಿಂದ ಆಲೂರಮಠರಿಗೆ, ಅವರಿಂದ ಗವಾಯಿಗಳಿಗೆ, ಅಲ್ಲಿಂದ ಉತ್ತರ ಕರ್ನಾಟಕದ ಹಳ್ಳಿಯ ಹೈಸ್ಕೂಲಿನ ಸಂಗೀತ ಮೇಷ್ಟ್ರಿಗೆ ಇಳಿದದ್ದು ಹೀಗೆ. ಕುಮಾರ ಗಂಧರ್ವರ ದಾರಿಯೂ ಸುತ್ತಿ ಬಳಸಿ ಮಿರಜಿಗೇ ಸೇರುತ್ತದೆ: ಬೆಳಗಾವಿ ಬಳಿಯ ಸುಳೇಭಾವಿಯ ಆ ಬಾಲಕ ಮುಂಬೈಗೆ ಹೋಗಿ ಸೇರಿದ್ದು ಬಿ.ಆರ್. ದೇವಧರರ ಶಾಲೆಯನ್ನು, ದೇವಧರರು ಮಿರಜಿನವರು, ಪಲುಸ್ಕರರ ಶಿಷ್ಯರು.

ಕುಂದಗೋಳದ ರೈಲು

ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು (1886–1952), ಅಬ್ದುಲ್ ಕರೀಮ್ ಖಾನರ ಬಳಿ ವರ್ಷಗಟ್ಟಲೆ ಕಲಿತು, ಗುರುವಿನ ಮನಸ್ಸಿಗೆ ವಿರೋಧವಾಗಿ ನಾಟಕ ಕಂಪನಿ ಸೇರಿ, ಕೊನೆಗೆ ತಮ್ಮೂರಿಗೆ ಮರಳಿದರು. ಮರಳಿದ ಮೇಲೆ ಅವರ ಬಳಿ ಕಲಿತ ಇಬ್ಬರ ದಿನಚರಿ ಒಂದೇ ಮನೆಯಲ್ಲಿ ಎರಡು ಬಗೆಯ ವಿದ್ಯಾರ್ಥಿಗಳನ್ನು ತೋರಿಸುತ್ತದೆ.

ಒಬ್ಬ ರೋಣದ ಭೀಮಸೇನ ಜೋಶಿ. 1933ರಲ್ಲಿ, ಹನ್ನೊಂದರ ಹುಡುಗ, ಗುರುವನ್ನು ಹುಡುಕಿ ಮನೆ ಬಿಟ್ಟ; ಗ್ವಾಲಿಯರ್ ಮುಟ್ಟಿದ, ಉತ್ತರವನ್ನೆಲ್ಲ ಸುತ್ತಿದ, ಜಲಂಧರದಲ್ಲಿ ನಿಂತ. ಅಲ್ಲಿಗೆ ಹಾಡಲು ಬಂದಿದ್ದ ವಿನಾಯಕರಾವ್ ಪಟವರ್ಧನರು ಹುಡುಗನಿಗೆ ಬುದ್ಧಿ ಹೇಳಿದರು: ನಿನ್ನ ಊರಿನ ಪಕ್ಕದಲ್ಲೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಅಲೆಯುತ್ತೀ? ಪಟವರ್ಧನರೂ ಮಿರಜಿನಲ್ಲಿ ಹುಟ್ಟಿದವರು, ಪಲುಸ್ಕರರ ಶಿಷ್ಯರು. 1936ರಲ್ಲಿ ಕುಂದಗೋಳಕ್ಕೆ ಬಂದ ಭೀಮಸೇನರು ಗುರುವಿನ ಮನೆಯಲ್ಲೇ ನಿಂತರು. ಕೊಡ ಹೊತ್ತು ನೀರು ತರುವುದು ದಿನದ ಕೆಲಸಗಳಲ್ಲೊಂದು. ಬಹಳ ಕಾಲ ಪಾಠಕ್ಕಿಂತ ಕೇಳುವುದೇ ಹೆಚ್ಚು.

ಇನ್ನೊಬ್ಬರು ಗಂಗೂಬಾಯಿ ಹಾನಗಲ್ (1913–2009). ಆ ಹೊತ್ತಿಗೆ ಮಕ್ಕಳ ತಾಯಿ, ಆಗಲೇ ರೆಕಾರ್ಡು, ಕಚೇರಿಗಳಿಂದ ಸಂಸಾರ ತೂಗಿಸುತ್ತಿದ್ದವರು. ಗುರುವಿನ ಮನೆಯಲ್ಲಿ ಉಳಿಯುವಂತಿಲ್ಲ. ಹುಬ್ಬಳ್ಳಿಯಿಂದ ಸಂಜೆಯ ರೈಲು ಹತ್ತಿ ಕುಂದಗೋಳಕ್ಕೆ, ಪಾಠ ಮುಗಿಸಿ ರಾತ್ರಿಯ ರೈಲಿಗೆ ಮನೆಗೆ. ಎಷ್ಟೋ ರಾತ್ರಿ ನಿಲ್ದಾಣದವರೆಗೆ ಜತೆಗೆ ಬರುತ್ತಿದ್ದವರು ಭೀಮಸೇನರು. ಗುರುಗಳ ಕ್ರಮವೆಂದರೆ ಒಂದು ಸಣ್ಣ ಸ್ವರಗುಚ್ಛ ಕೊಟ್ಟು ಅದು ಗಂಟಲಲ್ಲಿ ಕೂರುವವರೆಗೆ ಮುಂದಿನದಕ್ಕೆ ಕೈ ಹಾಕದಿರುವುದು. ಕಡಿಮೆ ರಾಗ, ಹೆಚ್ಚು ದಿನ.

ಗುರುವಿನ ಮನೆಯಲ್ಲಿ ವಾಸ ಮಾಡುವುದೇ ಗುರುಕುಲದ ಜೀವಾಳ ಎಂದು ಹೇಳುವವರಿಗೆ ಗಂಗೂಬಾಯಿಯವರ ರೈಲು ಒಳ್ಳೆಯ ಉತ್ತರ. ಹೆಣ್ಣುಮಕ್ಕಳಿಗೆ ಆ ವಾಸ ಎಂದೂ ಸುಲಭವಾಗಿರಲಿಲ್ಲ. ಕೇಸರಬಾಯಿ, ಮೋಗುಬಾಯಿ, ಗಂಗೂಬಾಯಿ – ಇವರೆಲ್ಲ ತಾಯಿಯ ಕಡೆಯಿಂದ ಹಾಡು ಬಂದ ಮನೆಗಳವರು, ಅದಕ್ಕಾಗಿ ಸಮಾಜದಿಂದ ಮಾತು ಕೇಳಿದವರು. ಅವರ ಪಾಲಿಗೆ ಸಂಸ್ಥಾನದ ಪಂಕ್ತಿಯೂ ಇಲ್ಲ, ಮಠದ ಜೋಳಿಗೆಯೂ ಇಲ್ಲ. ತಾವೇ ದುಡಿದು ಅಥವಾ ಆಶ್ರಯದಾತರನ್ನು ಹುಡುಕಿ ಗುರುದಕ್ಷಿಣೆ ಕೊಟ್ಟರು. ಗುರುಕುಲದ ಗುಣಗಾನದಲ್ಲಿ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಸ್ವಾತಂತ್ರ್ಯದ ನಂತರ

ಸಂಸ್ಥಾನಗಳು ವಿಲೀನವಾದವು, ಸಿನಿಮಾ ಬಂದು ಕಂಪನಿಗಳು ಸೊರಗಿದವು. ತುಸು ಭಾರ ಆಕಾಶವಾಣಿ ಹೊತ್ತಿತು, ತುಸು ವಿಶ್ವವಿದ್ಯಾಲಯಗಳು. ಧಾರವಾಡದ ಆಕಾಶವಾಣಿ ಕೇಂದ್ರ 1950ರಲ್ಲಿ ಶುರುವಾಯಿತು. ಮನ್ಸೂರ, ಗಂಗೂಬಾಯಿ ಇಬ್ಬರೂ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಕೊಲ್ಹಾಪುರದಲ್ಲಿ 1962ರಲ್ಲಿ ತೆರೆದ ಶಿವಾಜಿ ವಿಶ್ವವಿದ್ಯಾಲಯದಲ್ಲೂ ಸಂಗೀತ ವಿಭಾಗವಿದೆ. ಹುಬ್ಬಳ್ಳಿಯ ಉಣಕಲ್‌ನಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲವನ್ನು ಕರ್ನಾಟಕ ಸರ್ಕಾರ 2011ರಲ್ಲಿ ತೆರೆದಾಗ ಹಳೆಯ ಪ್ರಶ್ನೆಗೆ ಹೊಸ ಉತ್ತರ ಸಿಕ್ಕಂತಾಯಿತು: ಗುರುವಿಗೂ ಶಿಷ್ಯನಿಗೂ ವಸತಿ, ಊಟ, ಖರ್ಚು ಸರ್ಕಾರದ್ದು. ರಾಜನ ಜಾಗಕ್ಕೆ ಬಜೆಟ್ ಬಂತು. ರಾಜ ಮುನಿಸಿಕೊಂಡರೆ ಆಗುತ್ತಿದ್ದ ತೊಂದರೆ ಈಗ ಅನುದಾನದ ಕಡತ ತಡವಾದರೆ ಆಗುತ್ತದೆ.

ಬೇಸಿಗೆಯ ರಜೆ ಎಂಬುದು ಈ ಚಿತ್ರಕ್ಕೆ ಬಂದದ್ದು ತೀರಾ ಈಚೆಗೆ. ಮಿರಜಿನಲ್ಲಿ ಕಲಿತವರಿಗೆ ರಜೆಯೇ ಇರಲಿಲ್ಲ. ಶಾಲೆಗೆ ಹೋಗುವ ಮಗು ಹಾಡನ್ನೂ ಕಲಿಯಬೇಕು ಎಂದಾದ ಮೇಲೆ ಏಪ್ರಿಲ್, ಮೇ ತಿಂಗಳುಗಳಿಗೆ ಬೆಲೆ ಬಂತು. ಯುರೋಪು, ಅಮೆರಿಕಗಳಲ್ಲಿ ಇದು ಮೊದಲೇ ಆಗಿತ್ತು. ಇಟಲಿಯ ಸಿಯೆನಾದಲ್ಲಿ ಕೌಂಟ್ ಗಿಡೋ ಕಿಜಿ ಸರಾಚಿನಿ 1932ರಲ್ಲಿ ತನ್ನ ಅರಮನೆಯಲ್ಲೇ ಬೇಸಿಗೆ ಅಕಾಡೆಮಿ ತೆರೆದ. ಅದೂ ಒಂದು ಬಗೆಯ ಜಹಗೀರದಾರನ ಔದಾರ್ಯವೇ, ಇಚಲಕರಂಜಿಯ ಘೋರ್ಪಡೆಯವರಿಗೆ ಅರ್ಥವಾಗುತ್ತಿತ್ತು. ಅಮೆರಿಕದ ಟ್ಯಾಂಗಲ್‌ವುಡ್‌ನಲ್ಲಿ 1940ರಲ್ಲಿ ಸೆರ್ಗೆಯ್ ಕುಸೆವಿಟ್ಸ್ಕಿ ಶುರುಮಾಡಿದ ಬೇಸಿಗೆ ಕೇಂದ್ರದ ಮೊದಲ ತಂಡದಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ವಿದ್ಯಾರ್ಥಿಯಾಗಿದ್ದರು. ಅಲ್ಲಿಗೆ ಬರುವವರು ವರ್ಷವಿಡೀ ಕನ್ಸರ್ವೇಟರಿಯಲ್ಲಿ ಕಲಿಯುವವರು. ಬೇಸಿಗೆಯಲ್ಲಿ ಸಿಗುವುದು ಹೊಸ ಗುರುಗಳ ಕಿವಿ, ಜತೆಗಾರರ ಪೈಪೋಟಿ, ವಾದ್ಯವೃಂದದ ಅನುಭವ. ಅಮೆರಿಕದಲ್ಲಿ ನಮ್ಮ ಸಂಗೀತದ ಕಲಿಕೆಗೂ ಬೇಸಿಗೆ ಒಂದು ಬಾಗಿಲಾಯಿತು: 1965ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಬೇಸಿಗೆ ಶಾಲೆಯಲ್ಲಿ ಅಲಿ ಅಕ್ಬರ್ ಖಾನರು ಕಲಿಸಿದರು, ಎರಡು ವರ್ಷದ ಮೇಲೆ ಅಲ್ಲೇ ಅವರ ಹೆಸರಿನ ಕಾಲೇಜು ತಲೆಯೆತ್ತಿತು.

ಕರ್ನಾಟಕದಲ್ಲಿ ಬೇಸಿಗೆ ಸಂಗೀತ ಶಿಬಿರ ಎಂದರೆ ಬಲ್ಲವರು ಮೊದಲು ಹೇಳುವ ಹೆಸರು ಕರುಂಬಿತ್ತಿಲ್. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಧರ್ಮಸ್ಥಳಕ್ಕೆ ಹತ್ತಿರದ ನಿಡ್ಲೆಯಲ್ಲಿರುವ ಈ ಮನೆ ಪಿಟೀಲು ವಿದ್ವಾಂಸ ವಿಠ್ಠಲ ರಾಮಮೂರ್ತಿಯವರ ಹಿರಿಯರ ಮನೆ. ಲಾಲ್ಗುಡಿ ಜಯರಾಮನ್ನರ ಶಿಷ್ಯರಾದ ಅವರು ಇರುವುದು ಚೆನ್ನೈಯಲ್ಲಿ. ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಮೇ ತಿಂಗಳಲ್ಲಿ ಊರ ಮನೆಯ ಬಾಗಿಲು ತೆರೆದು ಕರ್ನಾಟಕ ಸಂಗೀತದ ಶಿಬಿರ ನಡೆಸುತ್ತಿದ್ದಾರೆ. ಅಡಿಕೆ ತೋಟದ ನಡುವಿನ ಅಂಗಳದಲ್ಲಿ ಚಪ್ಪರ, ನೆಲದ ಮೇಲೆ ಸಾಲಾಗಿ ಕುಳಿತ ಮಕ್ಕಳು, ಮಡಿಲಲ್ಲಿ ನೋಟ್‌ಬುಕ್ಕು, ಕೆಲವರ ಪಕ್ಕದಲ್ಲಿ ಅಮ್ಮಂದಿರು. ಚೆನ್ನೈ, ಬೆಂಗಳೂರುಗಳ ದೊಡ್ಡ ವಿದ್ವಾಂಸರು ಬಂದು ಕೃತಿ ಹೇಳಿಕೊಡುತ್ತಾರೆ. ಸಂಜೆ ಅವರದೇ ಕಚೇರಿ. ಬೆಳಿಗ್ಗೆ ಪಾಠ ಹೇಳಿದವರು ಸಂಜೆ ಅದೇ ರಾಗವನ್ನು ಹೇಗೆ ಬೆಳೆಸುತ್ತಾರೆ ಎಂದು ಹತ್ತು ಅಡಿ ದೂರದಿಂದ ನೋಡುವುದು ಮಗುವಿಗೆ ಸಭಾಭವನದಲ್ಲಿ ಸಿಗದ ಲಾಭ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಬಳ್ಳಪದವಿನಲ್ಲೂ ವೀಣಾವಾದಿನಿ ಸಂಗೀತ ವಿದ್ಯಾಪೀಠ ಹಳ್ಳಿಯ ಮನೆಯಿಂದಲೇ ಕರ್ನಾಟಕ ಸಂಗೀತ ಕಲಿಸುತ್ತಿದೆ.

ಕರ್ನಾಟಕ ಸಂಗೀತಕ್ಕೆ ಇಂಥ ಶಿಬಿರ ಚೆನ್ನಾಗಿ ಒಗ್ಗುತ್ತದೆ. ರಚನೆ ಗಟ್ಟಿಯಾಗಿದೆ, ಸಾಹಿತ್ಯ ಎಲ್ಲರಿಗೂ ಒಂದೇ, ನೂರು ಮಕ್ಕಳು ಕೂಡಿ ಒಂದು ಕೃತಿ ಕಲಿಯಬಹುದು. ಕೆಲವೇ ದಿನಗಳಲ್ಲಿ ಒಯ್ಯಲು ಏನಾದರೂ ಸಿಗುತ್ತದೆ. ಖ್ಯಾಲಿನ ವಿಷಯ ಹಾಗಲ್ಲ. ಎರಡು ಸಾಲಿನ ಬಂದಿಶ್ ಕಲಿಸಲು ಒಂದು ಬೆಳಗು ಸಾಕು. ಅದನ್ನು ಮುಕ್ಕಾಲು ಗಂಟೆ ಬೆಳೆಸುವುದು ಹೇಗೆಂಬುದೇ ವಿದ್ಯೆ, ಅದನ್ನು ಗುಂಪಿಗೆ ಹೇಳಿಕೊಡಲು ಬರುವುದಿಲ್ಲ. ಘರಾಣೆಯ ತೊಡಕೂ ಇದೆ. ಕಿರಾನಾದ ಸ್ವರ ಹಚ್ಚುವ ಬಗೆ ಕಲಿಯುತ್ತಿರುವ ಹುಡುಗಿಗೆ ಶಿಬಿರದಲ್ಲಿ ಜಯಪುರದ ಗುರು ಲಯದ ಬೆನ್ನೇರಿ ಹೋಗು ಎಂದರೆ ಅವಳು ಯಾವುದನ್ನು ಹಿಡಿಯಬೇಕು? ಹಳೆಯ ಉಸ್ತಾದರು ಶಿಷ್ಯ ಬೇರೆಯವರನ್ನು ಕೇಳುವುದಕ್ಕೂ ತಡೆ ಹಾಕುತ್ತಿದ್ದರು. ಅಷ್ಟು ಬಿಗಿ ಇಂದು ನಡೆಯದು, ನಡೆಯಬೇಕಾಗಿಯೂ ಇಲ್ಲ. ಮನ್ಸೂರರೇ ಗ್ವಾಲಿಯರಿನಿಂದ ಜಯಪುರಕ್ಕೆ ದಾಟಿದವರು. ಆದರೆ ಅವರು ದಾಟಿದ್ದು ಮೊದಲನೆಯದರಲ್ಲಿ ನೆಲೆ ನಿಂತ ಮೇಲೆ.

ಹಾಗಾಗಿ ಇಚಲಕರಂಜಿ, ಕೊಲ್ಹಾಪುರ, ಬೆಳಗಾವಿ, ಧಾರವಾಡಗಳ ಕಡೆ ಹಿಂದುಸ್ತಾನಿ ಕಲಿಯುವ ಮಕ್ಕಳಿಗೆ ಬೇಸಿಗೆಯ ಲಾಭ ಬೇರೆ ರೂಪದಲ್ಲಿ ಬರುತ್ತದೆ. ವಾರಕ್ಕೆರಡು ದಿನ ಟ್ಯೂಷನ್ನಿನಂತೆ ಬಂದು ಹೋಗುತ್ತಿದ್ದ ಹುಡುಗ ರಜೆಯಲ್ಲಿ ದಿನಾ ಬೆಳಿಗ್ಗೆ ಗುರುವಿನ ಮುಂದೆ ಕೂರುತ್ತಾನೆ; ಪುಣೆ, ಬೆಂಗಳೂರು, ಅಮೆರಿಕದಲ್ಲಿರುವ ಕನ್ನಡ ಮನೆಗಳ ಮಕ್ಕಳು ಅಜ್ಜಿಯ ಊರಿಗೆ ಬಂದವರು ಎರಡು ತಿಂಗಳು ಪಾಠಕ್ಕೆ ಹಚ್ಚಿಕೊಳ್ಳುತ್ತಾರೆ, ಆಮೇಲೆ ವರ್ಷವಿಡೀ ಫೋನಿನ ಪರದೆಯ ಮೇಲೆ ಅದೇ ಪಾಠ ಮುಂದುವರಿಯುತ್ತದೆ. ನೆಟ್ ಪಾಠದಲ್ಲಿ ಗುರು ಶಿಷ್ಯರು ಕೂಡಿ ಹಾಡುವಂತಿಲ್ಲ, ಧ್ವನಿ ತುಸು ಹಿಂದೆ ಬೀಳುತ್ತದೆ. ಹೇಳಿದ್ದನ್ನು ತಿರುಗಿ ಹೇಳಿಸುವುದಷ್ಟೇ ಸಾಧ್ಯ. ಕೂಡಿ ಹಾಡುವ ಕೆಲಸವನ್ನು ಬೇಸಿಗೆಗೆಂದು ಎತ್ತಿಡುತ್ತಾರೆ. ತಂಬೂರಿ ಕೊಳ್ಳುವುದಿದ್ದರೆ ಅದೇ ರಜೆಯಲ್ಲಿ ಒಂದು ದಿನ ಮಿರಜಿಗೂ ಹೋಗಿಬರುತ್ತಾರೆ: ಹುಡುಗಿಯ ಶ್ರುತಿ ಯಾವುದೆಂದು ಅಂಗಡಿಯವರು ಕೇಳುತ್ತಾರೆ, ಅದಕ್ಕೆ ತಕ್ಕ ಬುರುಡೆಯ ಅಳತೆ ಆರಿಸಿ ಆರ್ಡರ್ ಬರೆದುಕೊಳ್ಳುತ್ತಾರೆ.